ಹಕ್ಕಲ್ಲ, ಸವಲತ್ತು: ಕಂದಾಯ ಮತ್ತು ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಮತ್ತು ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ನಾನು ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ. ನಮ್ಮದು ಒಂದು ಎಕರೆ ಚಿಲ್ಲರೆ ತೋಟ. ಅದರ ಮೇಲ್ಗಡೆ ಬೆಟ್ಟ. ನಮ್ಮ ಕಡೆ ಬೆಟ್ಟ ಅಂದರೆ ಬರೀ ಗುಡ್ಡ ಅಲ್ಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಕು (ಒಣ ಎಲೆ), ದನಕ್ಕೆ ಹುಲ್ಲು, ಒಲೆಗೆ ಸೌದೆ ಕೊಡುವ ಕಾಡು ಅದು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಲೆಕ್ಕ ಹಾಕಿದ್ದರು. ಬೆಟ್ಟ ಇಲ್ಲದಿದ್ದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದಿದ್ದರೆ ತೋಟ ಇಲ್ಲ.

ಸುಮಾರು 20 ವರ್ಷದ ಹಿಂದೆ ಅಪ್ಪಯ್ಯ ಒಂದು ಅರ್ಜಿ ಹಿಡಿದು ಒಂದು ಕಚೇರಿಗೆ ಹೋಗಿದ್ದರು. ನಾನೂ ಜೊತೆಗಿದ್ದೆ. ನಮ್ಮ ಬೆಟ್ಟದ ಒಂದು ಮೂಲೆಯನ್ನು ಅಕೇಶಿಯಾ ನೆಡಲು ಗುರುತು ಮಾಡಿದ್ದರು. ಅಲ್ಲಿ ನಾವು ಹಲಸು, ಮತ್ತಿ, ಹೊನ್ನೆ ಬೆಳೆಸಿದ್ದೆವು. ಅಧಿಕಾರಿ ಅರ್ಜಿಯನ್ನು ಪೂರ್ತಿ ಓದಿದರು. ಒರಟಾಗಿ ಏನೂ ಮಾತಾಡಲಿಲ್ಲ. "ನೋಡಿ ಹೆಗಡೇರೆ, ಬೆಟ್ಟ ನಿಮ್ಮ ಹಕ್ಕಲ್ಲ. ಅದು ಸವಲತ್ತು" ಅಂದರು, ಅಷ್ಟೆ.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪಯ್ಯ ಕೇಳಿದರು: "ಸವಲತ್ತು ಅಂದ್ರೆ ಎಂತಾ ತಮಾ? ಕೊಟ್ಟವ್ರು ಬೇಡ ಅಂದ ದಿನ ಬಿಟ್ಟುಬಿಡೂದಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಒಂದು ಮಾತು ಎಲ್ಲಿಂದ ಬಂತು ಅಂತ ಹುಡುಕಲು ಶುರು ಮಾಡಿದೆ. ಕಾಯ್ದೆ ಓದಿದೆ, ಅದರ ಹಿಂದಿನ ಕಾಯ್ದೆ ಓದಿದೆ. ಹಿಂದೆ ಹಿಂದೆ ಹೋದಾಗ ಒಬ್ಬ ಮನುಷ್ಯ ಸಿಕ್ಕಿದರು. ಅವರ ಬದುಕಿನ ಕಥೆ ಹೇಳುವುದಕ್ಕೇ ಈ ಪತ್ರ. ದಯವಿಟ್ಟು ಕೊನೆಯವರೆಗೆ ಓದಿ. ಆ ಮನುಷ್ಯನಿಗೂ ನಿಮ್ಮ ಮೇಜಿನ ಮೇಲಿನ ಕಡತಗಳಿಗೂ ಇವತ್ತಿಗೂ ಸಂಬಂಧ ಇದೆ.

ಅವರ ಹೆಸರು ಬೇಡನ್ ಹೆನ್ರಿ ಬೇಡನ್-ಪೊವೆಲ್. ಶಾಲೆಯಲ್ಲಿ ಸ್ಕೌಟ್ಸ್ ಮಾಡಿದವರಿಗೆ ಬೇಡನ್ ಪೊವೆಲ್ ಹೆಸರು ಗೊತ್ತಿರುತ್ತದೆ. ಅವರು ರಾಬರ್ಟ್. ನಾನು ಹೇಳುತ್ತಿರುವುದು ಅವರ ಮಲಅಣ್ಣನ ವಿಷಯ. ಇಬ್ಬರಿಗೂ ತಂದೆ ಒಬ್ಬರೇ: ಆಕ್ಸ್‌ಫರ್ಡಿನಲ್ಲಿ ರೇಖಾಗಣಿತದ ಪ್ರಾಧ್ಯಾಪಕರಾಗಿದ್ದ ಪಾದ್ರಿ ಬೇಡನ್ ಪೊವೆಲ್. ಹೆನ್ರಿ ಹುಟ್ಟಿದ್ದು 1841ರಲ್ಲಿ. 1860ರಲ್ಲಿ ತಂದೆ ತೀರಿಕೊಂಡರು. ಮರುವರ್ಷ, 20 ವರ್ಷ ತುಂಬುವ ಹೊತ್ತಿಗೆ, ಹುಡುಗ ಬಂಗಾಳ ಸಿವಿಲ್ ಸರ್ವೀಸಿಗೆ ಸೇರಿ ಹಿಂದೂಸ್ತಾನಕ್ಕೆ ಬಂದ. ಕೆಲಸದ ಬದುಕೆಲ್ಲ ಬಹುಪಾಲು ಪಂಜಾಬಿನಲ್ಲೇ ಕಳೆಯಿತು.

ಆ ಕಾಲ ಹೇಗಿತ್ತು ನೋಡಿ. ಪಂಜಾಬನ್ನು ಬ್ರಿಟಿಷರು ಗೆದ್ದುಕೊಂಡು ಹತ್ತಿಪ್ಪತ್ತು ವರ್ಷ ಅಷ್ಟೇ ಆಗಿತ್ತು. ರೈಲು ಹಳಿ ಹಾಕುವ ಕೆಲಸ ಭರದಿಂದ ಸಾಗಿತ್ತು. ಹಳಿಯ ಕೆಳಗೆ ಹಾಕುವ ಸ್ಲೀಪರಿಗೆ ಹಿಮಾಲಯದ ದೇವದಾರು ಬೇಕು. ಇಂಜಿನ್ನಿಗೆ ಸೌದೆ ಬೇಕು. ಲಾಹೋರಿನ ಹತ್ತಿರ ಛಾಂಗಾ ಮಾಂಗಾ ಎಂಬಲ್ಲಿ 1866ರಲ್ಲಿ ರೈಲಿನ ಸೌದೆಗೆಂದೇ ದೊಡ್ಡ ನೆಡುತೋಪು ಶುರು ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು, 1864ರಲ್ಲಿ, ಅರಣ್ಯ ಇಲಾಖೆ ಹುಟ್ಟಿತ್ತು. ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್ ಅದರ ಮೊದಲ ಮುಖ್ಯಸ್ಥ. ನಮ್ಮ ಹೆನ್ರಿ ಪಂಜಾಬಿನ ಅರಣ್ಯ ಸಂರಕ್ಷಣಾಧಿಕಾರಿ ಆದರು. ಬ್ರಾಂಡಿಸ್ ರಜೆಯಲ್ಲಿದ್ದಾಗ ಇಡೀ ದೇಶದ ಅರಣ್ಯ ಇಲಾಖೆಯ ಮುಖ್ಯಸ್ಥರಾಗಿ ತಾತ್ಕಾಲಿಕವಾಗಿ ಕೆಲಸ ಮಾಡಿದವರೂ ಇವರೇ.

ಅವರು ಮರದ ಮನುಷ್ಯ ಅಲ್ಲ, ಕಾನೂನಿನ ಮನುಷ್ಯ. ಎಲ್ಲಿ ಹೋದರೂ ಅವರ ಪ್ರಶ್ನೆ ಒಂದೇ: ಈ ನೆಲ ಯಾರದು? ಯಾವ ಕಾಗದದ ಬಲದಿಂದ?

1865ರಲ್ಲಿ ದೇಶದ ಮೊದಲ ಅರಣ್ಯ ಕಾಯ್ದೆ ಬಂದಿತ್ತು. ಅದರಲ್ಲಿ ಒಂದು ಒಳ್ಳೆಯ ಷರತ್ತು ಇತ್ತು. ಕಾಡನ್ನು ಸರ್ಕಾರಿ ಅರಣ್ಯ ಎಂದು ಸಾರಿದರೂ ಅಲ್ಲಿ ಮೊದಲಿನಿಂದ ಇರುವ ವ್ಯಕ್ತಿಗಳ, ಸಮುದಾಯಗಳ ಹಕ್ಕಿಗೆ ಧಕ್ಕೆ ಬರಬಾರದು ಅಂತ. ನನ್ನ ಅಪ್ಪಯ್ಯನಂಥವರಿಗೆ ಆ ಒಂದು ಸಾಲು ಸಾಕಾಗಿತ್ತು. ಆದರೆ ಆ ಕಾಯ್ದೆ ಬೇಡನ್-ಪೊವೆಲ್‌ರಿಗೆ ತೀರಾ ಸಡಿಲ ಅನ್ನಿಸಿತು. 1874ರ ಜನವರಿಯಲ್ಲಿ ಅಲಹಾಬಾದಿನಲ್ಲಿ ಅರಣ್ಯಾಧಿಕಾರಿಗಳ ಸಮ್ಮೇಳನ ನಡೆಯಿತು. ಆಗಿದ್ದ ಕಾಯ್ದೆಯ ದೋಷಗಳು ಏನು, ಹೊಸ ಕಾಯ್ದೆ ಹೇಗಿರಬೇಕು ಎಂದು ಅಲ್ಲಿ ಅವರು ಒಂದು ಪ್ರಬಂಧ ಮಂಡಿಸಿದರು.

ಅವರ ವಾದವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ದೇಶದಲ್ಲಿ ಸಾಗುವಳಿ ಇಲ್ಲದ ನೆಲವೆಲ್ಲ ಹಿಂದಿನಿಂದಲೂ ರಾಜನದು. ರಾಜನನ್ನು ಗೆದ್ದವರು ನಾವು. ಹಾಗಾಗಿ ಅದು ಈಗ ನಮ್ಮದು. ಜನ ಅಲ್ಲಿ ದನ ಮೇಯಿಸಿರಬಹುದು, ಸೌದೆ ತಂದಿರಬಹುದು, ತಲೆತಲಾಂತರದಿಂದ ತಂದಿರಬಹುದು. ಯಾರೂ ತಡೆಯಲಿಲ್ಲ, ಅದಕ್ಕೇ ತಂದರು. ತಡೆಯದೆ ಬಿಟ್ಟ ಮಾತ್ರಕ್ಕೆ ಅದು ಹಕ್ಕು ಆಗುವುದಿಲ್ಲ. ಸರ್ಕಾರ ಸ್ಪಷ್ಟವಾಗಿ ಕೊಟ್ಟದ್ದು ಮಾತ್ರ ಹಕ್ಕು. ಉಳಿದದ್ದೆಲ್ಲ ಸವಲತ್ತು.

ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ಅಪ್ಪಯ್ಯನಿಗೆ ಸಿಕ್ಕಿದ ಉತ್ತರ ಇದೇ ಅಲ್ವಾ? 130 ವರ್ಷ ದಾಟಿ ಬಂದ ಉತ್ತರ.

ಆಗಿನವರೆಲ್ಲ ಹಾಗೇ ಯೋಚಿಸುತ್ತಿದ್ದರು ಎಂದು ನಿಮಗೆ ಅನ್ನಿಸಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದು ತಪ್ಪು. ಬೇಡನ್-ಪೊವೆಲ್‌ರಿಗೆ ಆಗಲೇ, ಸರ್ಕಾರದ ಒಳಗೇ, ವಿರೋಧ ಇತ್ತು. ಜಾಸ್ತಿ ಗಟ್ಟಿಯಾಗಿ ಮಾತಾಡಿದ್ದು ಮದ್ರಾಸು. ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಆಗ ಮದ್ರಾಸಿನಲ್ಲೇ ಇದ್ದವು. ಅಲ್ಲಿನ ರೆವೆನ್ಯೂ ಬೋರ್ಡ್ 1871ರಲ್ಲಿ ಹೇಳಿದ್ದರ ಸಾರ ಇದು: ಈ ಪ್ರಾಂತ್ಯದಲ್ಲಿ ಯಾವುದೋ ಒಂದು ಊರಿನ ಎಲ್ಲೆಗೆ ಸೇರದ ಕಾಡು ಇಲ್ಲವೇ ಇಲ್ಲ ಅನ್ನಬೇಕು. ತೇಗ, ಗಂಧ, ಏಲಕ್ಕಿಯ ಮೇಲಿನ ರಾಜಭಾಗ ಬಿಟ್ಟರೆ, ಆ ಕಾಡುಗಳ ಮೇಲೆ ಹಿಂದೆ ಸರ್ಕಾರ ಒಡೆತನ ಸಾಧಿಸಿದ್ದು ಎಲ್ಲೂ ಕಾಣುವುದಿಲ್ಲ. ಊರವರು ಕಾಡು ಬಳಸುವುದು ಹಕ್ಕೇ ಹೊರತು ಯಾರದೋ ದಯೆ ಅಲ್ಲ ಎಂಬುದು ಅವರ ನಿಲುವು.

ಬ್ರಾಂಡಿಸ್ ಇಬ್ಬರ ನಡುವೆ ನಿಂತರು. ಬೆಲೆ ಬಾಳುವ ಕೆಲವು ಕಾಡು ಸರ್ಕಾರಕ್ಕಿರಲಿ, ಊರಿನ ಪಕ್ಕದ ಕಾಡುಗಳನ್ನು ಊರವರೇ ನೋಡಿಕೊಳ್ಳಲಿ ಅಂದರು. ಕೊಡಗಿನ ದೇವರಕಾಡುಗಳ ಬಗ್ಗೆ ಬರೆದವರು ಅವರು. ಜನ ತಾವಾಗಿಯೇ ಕಾಡು ಕಾಯಬಲ್ಲರು ಎಂಬುದು ಅವರಿಗೆ ಗೊತ್ತಿತ್ತು.

ಹಾಗಾದರೆ ಮೂರು ದಾರಿ ಇತ್ತು. ಕಾಯ್ದೆ ಹಿಡಿದದ್ದು ಬಹುಪಾಲು ಬೇಡನ್-ಪೊವೆಲ್‌ರ ದಾರಿಯನ್ನೇ. 1878ರ ಅರಣ್ಯ ಕಾಯ್ದೆ ಬಂತು. ಉತ್ತರ ಕನ್ನಡ 1862ರಲ್ಲೇ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಗಿತ್ತು. ಹಾಗಾಗಿ ಆ ಕಾಯ್ದೆ ನೇರವಾಗಿ ನಮ್ಮ ಮೇಲೆ ಬಿತ್ತು. ಮದ್ರಾಸು ಮಾತ್ರ ತನ್ನದೇ ಬೇರೆ ಕಾಯ್ದೆಯನ್ನು 1882ರಲ್ಲಿ ಮಾಡಿಕೊಂಡಿತು.

1878ರ ಕಾಯ್ದೆ ಕೆಲಸ ಮಾಡುವ ಬಗೆ ನೋಡಿ. ಇಂಥ ಕಾಡನ್ನು ಮೀಸಲು ಅರಣ್ಯ ಮಾಡುತ್ತೇವೆ ಎಂದು ಸರ್ಕಾರ ಪ್ರಕಟಿಸುತ್ತದೆ. ಹಕ್ಕು ಇದ್ದವರು ಗಡುವಿನೊಳಗೆ ಬಂದು ಹೇಳಬೇಕು. ಗಡುವು ಕನಿಷ್ಠ 3 ತಿಂಗಳು. ಹೇಳದಿದ್ದರೆ ಆ ಹಕ್ಕು ಅಲ್ಲಿಗೆ ಮುಗಿಯಿತು. ಓದು ಬರಹ ಬಾರದ ಕಾಲ ಅದು. ಮಳೆಗಾಲದಲ್ಲಿ ಹೊಳೆ ದಾಟಲಾಗದ ಊರುಗಳು. ತನಗೆ ಹಕ್ಕು ಅಂತ ಒಂದಿದೆ, ಅದನ್ನು ಹೋಗಿ ಕೇಳಬೇಕು ಎಂದು ಆ ಜನಕ್ಕೆ ಹೇಗೆ ಗೊತ್ತಾಗಬೇಕು? ಗಾಳಿ, ನೀರಿನ ಹಾಗೆ ಬಳಸಿದ್ದನ್ನು ಯಾರಾದರೂ ಅರ್ಜಿ ಹಾಕಿ ಕೇಳುತ್ತಾರಾ?

ಕುಮರಿ ಬೇಸಾಯ ಮಾಡುತ್ತಿದ್ದವರ ಕಥೆ ಇನ್ನೂ ಕಷ್ಟದ್ದು. ಕಾಡಿನ ಒಂದು ತುಂಡು ಕಡಿದು, ಸುಟ್ಟು, ರಾಗಿ ಬಿತ್ತಿ, ಆಮೇಲೆ ಅದನ್ನು ವರ್ಷಾನುಗಟ್ಟಲೆ ಕಾಡಿಗೇ ಬಿಟ್ಟುಕೊಡುತ್ತಿದ್ದ ಬಡವರು ಅವರು. 1878ರ ಕಾಯ್ದೆಯ ಜಾಗಕ್ಕೆ ಬಂದ 1927ರ ಅರಣ್ಯ ಕಾಯ್ದೆಯ 10ನೇ ಸೆಕ್ಷನ್ನಿನಲ್ಲಿ ಬರೆದೇ ಬಿಟ್ಟಿದ್ದಾರೆ: ಇಂಥ ಬೇಸಾಯವನ್ನು ಎಲ್ಲ ಸಂದರ್ಭದಲ್ಲೂ ಸವಲತ್ತು ಅಂತಲೇ ತಿಳಿಯಬೇಕು, ಸರ್ಕಾರ ಅದನ್ನು ಹಿಡಿತದಲ್ಲಿ ಇಡಬಹುದು, ಕಡಿಮೆ ಮಾಡಬಹುದು, ರದ್ದು ಮಾಡಬಹುದು. ಬೇಡನ್-ಪೊವೆಲ್‌ರ ಮಾತು ಅಲ್ಲಿ ನೇರವಾಗಿ ಕಾಯ್ದೆಯೊಳಗೇ ಕೂತಿದೆ.

ಇನ್ನು ಅವರ ಬದುಕಿನ ಉಳಿದ ಭಾಗ. ಇದನ್ನು ಬಿಟ್ಟರೆ ಅವರಿಗೆ ಅನ್ಯಾಯ ಆಗುತ್ತದೆ. ಅವರು ಸೋಮಾರಿ ಅಧಿಕಾರಿ ಆಗಿರಲಿಲ್ಲ. ಪಂಜಾಬಿನ ಬೆಳೆ, ಮರ, ಖನಿಜ, ಕರಕುಶಲ ವಸ್ತುಗಳ ಬಗ್ಗೆ ದೊಡ್ಡ ಕೈಪಿಡಿ ಮಾಡಿದರು. 1882ರಲ್ಲಿ ಅರಣ್ಯಾಧಿಕಾರಿಗಳಿಗಾಗಿ ಕಾನೂನಿನ ಪಠ್ಯ ಬರೆದರು. ಪಂಜಾಬಿನ ಮುಖ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾದರು. 1889ರಲ್ಲಿ ನಿವೃತ್ತರಾಗಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಕೂತು 1892ರಲ್ಲಿ ಬ್ರಿಟಿಷ್ ಹಿಂದೂಸ್ತಾನದ ಭೂ ಪದ್ಧತಿಗಳ ಮೇಲೆ ಮೂರು ಸಂಪುಟಗಳ ಗ್ರಂಥ ಹೊರತಂದರು. ಬಂಗಾಳದ ಜಮೀನ್ದಾರಿಯಿಂದ ಹಿಡಿದು ಪಂಜಾಬಿನ ಹಳ್ಳಿ, ಮದ್ರಾಸಿನ ರೈತವಾರಿ, ಕೊಡಗಿನ ಜಮ್ಮಾ ಭೂಮಿ, ಬರ್ಮಾದವರೆಗೆ ಎಲ್ಲವೂ ಅದರಲ್ಲಿದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬನೇ ಮನುಷ್ಯ ಇಷ್ಟನ್ನು ಒಟ್ಟು ಮಾಡಿದ್ದು ಸಣ್ಣ ಸಾಧನೆ ಅಲ್ಲ. ಪಹಣಿ, ಪಟ್ಟಾ, ಜಮಾಬಂದಿ ಅನ್ನುವ ಪದಗಳ ಹಿಂದಿನ ಚರಿತ್ರೆ ಬೇಕೆಂದರೆ ಇವತ್ತಿಗೂ ಆ ಸಂಪುಟಗಳನ್ನು ತೆಗೆಯಬೇಕು. ನಾನು ಅವರಿಂದ ಕಲಿತದ್ದು ಬಹಳ ಇದೆ. ಅದನ್ನು ಮುಚ್ಚಿಡುವುದಿಲ್ಲ.

1896ರಲ್ಲಿ ಅವರು ಭಾರತದ ಗ್ರಾಮ ಸಮುದಾಯದ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಅದಕ್ಕೂ ಮೊದಲು ಹೆನ್ರಿ ಮೇನ್ ಎಂಬ ದೊಡ್ಡ ಕಾನೂನು ಪಂಡಿತರು ಒಂದು ಮಾತು ಹೇಳಿದ್ದರು. ಹಳೆಯ ಕಾಲದಲ್ಲಿ ಹಿಂದೂಸ್ತಾನದ ಹಳ್ಳಿಯವರು ನೆಲವನ್ನು ಒಟ್ಟಾಗಿ ಹೊಂದಿದ್ದರು ಎಂದು. ಬೇಡನ್-ಪೊವೆಲ್ ಅದನ್ನು ಒಪ್ಪಲಿಲ್ಲ. ನೀವು ಉತ್ತರದ ಹಳ್ಳಿ ಮಾತ್ರ ನೋಡಿ ಮಾತಾಡುತ್ತಿದ್ದೀರಿ, ದಕ್ಷಿಣಕ್ಕೆ ಬನ್ನಿ ಎಂಬರ್ಥದ ವಾದ ಹೂಡಿದರು. ದಖ್ಖನ್ನಿನಲ್ಲಿ, ಮದ್ರಾಸಿನಲ್ಲಿ, ನಮ್ಮ ಕಡೆಯಲ್ಲೆಲ್ಲ ಒಂದೊಂದು ಮನೆಗೆ ಒಂದೊಂದು ಹೊಲ. ಒಟ್ಟು ಒಡೆತನ ಇಲ್ಲ. ಇದು ನಿಜವೇ. ಇದರಲ್ಲಿ ಅವರು ಮೇನ್‌ಗಿಂತ ಸರಿಯಾಗಿ ನೋಡಿದರು.

ಆದರೆ ಮುಂದಿನ ಹೆಜ್ಜೆಯಲ್ಲಿ ಎಡವಿದರು ಎಂದು ನನಗೆ ಅನ್ನಿಸುತ್ತದೆ. ಉತ್ತರದ ಒಟ್ಟು ಒಡೆತನದ ಹಳ್ಳಿಯಲ್ಲಿ ಬಂಜರು, ಕಾಡು ಊರಿನದು ಎಂದು ಒಪ್ಪಿದರು. ದಕ್ಷಿಣದ ಹಳ್ಳಿಯಲ್ಲಿ ಹೊಲ ಮನೆಯದು, ಅದರ ಆಚೆಗಿನದೆಲ್ಲ ಸರ್ಕಾರದ್ದು ಅಂದರು. ಮನೆಗೂ ಸರ್ಕಾರಕ್ಕೂ ನಡುವೆ ಊರು ಅಂತ ಒಂದು ಇರುತ್ತದೆ. ಅದು ಅವರ ಲೆಕ್ಕದಲ್ಲಿ ಬರಲೇ ಇಲ್ಲ. ಗೋಮಾಳ ಯಾರದು? ಊರ ಪಕ್ಕದ ಕುರುಚಲು ಕಾಡು, ಹಾಡಿ ಯಾರದು? ಬೆಟ್ಟ ಯಾರದು? ನಮ್ಮಲ್ಲಿ ತೋಟ ಪಾಲಾದಾಗ ಬೆಟ್ಟವೂ ಪಾಲಾಗುತ್ತದೆ. ಹಾದಿ, ದನ ಕುಡಿಯುವ ಕೆರೆ, ಭೂತನ ಕಟ್ಟೆಯ ಸುತ್ತಲಿನ ಮರ ಪಾಲಾಗುವುದಿಲ್ಲ. ಇದಕ್ಕೆಲ್ಲ ಊರಲ್ಲಿ ನಿಯಮ ಇತ್ತು. ಬರೆದಿಟ್ಟಿರಲಿಲ್ಲ, ಅಷ್ಟೆ. ಕಾಗದದ ಮನುಷ್ಯನಿಗೆ ಕಾಗದ ಇಲ್ಲದ್ದು ಕಾಣಲಿಲ್ಲ.

ಅವರು 1901ರ ಜನವರಿಯಲ್ಲಿ ತೀರಿಕೊಂಡರು. ಇನ್ನೂ 60 ತುಂಬಿರಲಿಲ್ಲ.

ಈಗ ಕಂದಾಯ ಸಚಿವರಲ್ಲಿ ಒಂದು ಮಾತು. ನಮ್ಮದೇ ಕರ್ನಾಟಕ ಭೂಕಂದಾಯ ಕಾಯ್ದೆ, 1964 ತೆಗೆದು 79ನೇ ಸೆಕ್ಷನ್ ನೋಡಿ. ನಮ್ಮ ಬೆಟ್ಟದ ಹಾಗೆ ಜನ ಬಳಸುತ್ತ ಬಂದ ನೆಲಗಳಿಗೆ ಒಂದೊಂದು ಕಡೆ ಒಂದೊಂದು ಹೆಸರು. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾಣೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆ ಮೈಸೂರಿನ ಕಾನು, ಸೊಪ್ಪಿನ ಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಎಲ್ಲದರ ಹೆಸರೂ ಒಂದೇ ಕಡೆ ಇದೆ. ಇಷ್ಟು ಚಂದದ ಹೆಸರುಗಳು ಒಟ್ಟಿಗೆ ಸಿಗುವ ಕಾಯ್ದೆ ಬೇರೆ ಇರಲಿಕ್ಕಿಲ್ಲ. ಆದರೆ ಇವಕ್ಕೆಲ್ಲ ಸೇರಿಸಿ ಕೊಟ್ಟ ಹೆಸರು ಯಾವುದು? ಪ್ರಿವಿಲೇಜಸ್. ಸವಲತ್ತುಗಳು. ಅವು ಮುಂದುವರಿಯುತ್ತವೆ ಎಂದು ಕಾಯ್ದೆ ಭರವಸೆ ಕೊಟ್ಟಿದೆ, ನಿಜ. ಆದರೆ ಆ ಪದ ಇರುವವರೆಗೆ ಪ್ರತಿ ಕಚೇರಿಯಲ್ಲೂ ನಮಗೆ ಸಿಗುವುದು ಅಪ್ಪಯ್ಯನಿಗೆ ಸಿಕ್ಕ ಉತ್ತರವೇ. ನಮ್ಮದೇ ಶಾಸಕರು, ನಮ್ಮದೇ ವಿಧಾನಸೌಧದಲ್ಲಿ ಮಾಡಿದ ಕಾಯ್ದೆ ಇದು. ಇದರಲ್ಲಿ ಆ ಪದ ಯಾಕೆ ಇರಬೇಕು?

ಬೆಟ್ಟಗಳೆಲ್ಲ ಹಚ್ಚಗಿವೆ ಎಂದು ನಾನು ಹೇಳುವುದಿಲ್ಲ. ಕೆಲವು ಬೋಳಾಗಿವೆ. ಸೊಪ್ಪು ಕಡಿದು ಕಡಿದು ಮರ ಮೋಟಾಗಿವೆ. ಕೆಲವರು ಬೆಟ್ಟದೊಳಗೇ ತೋಟ ಹೊಡೆದಿದ್ದಾರೆ. ಅರಣ್ಯ ಇಲಾಖೆಯವರು ಇದನ್ನು ತೋರಿಸಿದರೆ ನಾವು ತಲೆ ತಗ್ಗಿಸಬೇಕು. ಆದರೆ ಒಂದು ಯೋಚನೆ ಮಾಡಿ. ನಾಳೆ ಯಾರೋ ಬಂದು ತೆಗೆದುಕೊಳ್ಳಬಹುದಾದ ಜಾಗದಲ್ಲಿ ಯಾರು ಹಲಸಿನ ಗಿಡ ನೆಡುತ್ತಾರೆ? ಹಲಸು ಫಲ ಕೊಡಲು ವರ್ಷಗಟ್ಟಲೆ ಬೇಕು. ಮತ್ತಿ ದೊಡ್ಡದಾಗಲು ಒಂದು ತಲೆಮಾರು ಬೇಕು. ಸವಲತ್ತು ಇದ್ದವನು ಇವತ್ತಿನ ಸೊಪ್ಪು ಇವತ್ತೇ ಕಡಿಯುತ್ತಾನೆ. ಹಕ್ಕು ಇದ್ದವನು ಮೊಮ್ಮಗನಿಗೆ ಮರ ಬಿಡುತ್ತಾನೆ. ನಮ್ಮ ಮೂಲೆಯಲ್ಲಿ ಅಪ್ಪಯ್ಯ ಹೊನ್ನೆ ಬೆಳೆಸಿದ್ದು ಅದು ನಮ್ಮದು ಎಂದು ನಂಬಿದ್ದರಿಂದ.

ಅರಣ್ಯ ಸಚಿವರಲ್ಲಿ ನನ್ನ ಮಾತು 2006ರ ಅರಣ್ಯ ಹಕ್ಕು ಕಾಯ್ದೆಯ ಬಗ್ಗೆ. ಬೆಟ್ಟದವರಿಗಿಂತ ದೊಡ್ಡ ಕಷ್ಟ ಕಾಡಿನೊಳಗೆ ಮನೆ, ಗದ್ದೆ ಇರುವವರದು. ಆ ಕಾಯ್ದೆಯ ಪೀಠಿಕೆಯಲ್ಲೇ ಸಂಸತ್ತು ಒಪ್ಪಿಕೊಂಡಿದೆ: ಬ್ರಿಟಿಷರ ಕಾಲದಲ್ಲೂ ಸ್ವತಂತ್ರ ಭಾರತದಲ್ಲೂ ಅರಣ್ಯವಾಸಿಗಳ ಹಕ್ಕನ್ನು ಸರಿಯಾಗಿ ಗುರುತಿಸಲಿಲ್ಲ, ಇದು ಚಾರಿತ್ರಿಕ ಅನ್ಯಾಯ ಎಂದು. ಬೇಡನ್-ಪೊವೆಲ್‌ರ ವಾದಕ್ಕೆ 130 ವರ್ಷಗಳ ಮೇಲೆ ಸಿಕ್ಕ ಉತ್ತರ ಅದು. ಅದನ್ನು ಮೊದಲ ಸಲ ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಆದರೆ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನಿಂದ ಅಲ್ಲಿದ್ದೇವೆ ಎಂದು ತೋರಿಸಬೇಕು. 2005ರ ಡಿಸೆಂಬರ್ 13ಕ್ಕೆ ಮೊದಲಿನ 75 ವರ್ಷ. ಲೆಕ್ಕ ಹಾಕಿ ನೋಡಿ, 1930 ಬರುತ್ತದೆ. 1930 ಅಂದರೆ ನಮ್ಮ ಜಿಲ್ಲೆಯ ಜನ ಅರಣ್ಯ ಸತ್ಯಾಗ್ರಹಕ್ಕೆ ಇಳಿದ ವರ್ಷ. ಆ ವರ್ಷ ಕಾಡಿನೊಳಗೆ ಗದ್ದೆ ಮಾಡಿದವನು ಸರ್ಕಾರದ ಕಣ್ಣಿಗೆ ಅಪರಾಧಿ. ಗಾರ್ಡ್ ಬರುತ್ತಾನೆ ಅಂದರೆ ಅಡಗಿಕೊಳ್ಳುತ್ತಿದ್ದವನು. ಅವನು ತನ್ನ ಹೆಸರು ಸರ್ಕಾರದ ಪುಸ್ತಕದಲ್ಲಿ ಬರದ ಹಾಗೆ ನೋಡಿಕೊಂಡ. ಈಗ ಅವನ ಮೊಮ್ಮಗನಿಗೆ, ಅದೇ ಪುಸ್ತಕದಲ್ಲಿ ಅಜ್ಜನ ಹೆಸರು ತೋರಿಸು ಎನ್ನುತ್ತೇವೆ. ನಮ್ಮ ನೆರೆಯ ಊರಿನ ಒಬ್ಬ ವೃದ್ಧೆಯ ಅರ್ಜಿ ದಾಖಲೆ ಸಾಲದು ಎಂದು ತಿರಸ್ಕಾರ ಆಗಿದೆ. ಆಕೆಯ ಗಂಡ ನೆಟ್ಟ ಮಾವಿನ ಮರ ಇಬ್ಬರು ಕೈ ಹಿಡಿದು ತಬ್ಬಿದರೂ ತಬ್ಬಲಾಗದಷ್ಟು ದಪ್ಪ ಇದೆ.

ನಿಯಮದಲ್ಲಿ ಇದಕ್ಕೆ ದಾರಿ ಇದೆ. ಊರಿನ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿ ಎಂದು ಪರಿಗಣಿಸಬಹುದು. ಹಳೆಯ ಬಾವಿ, ಸ್ಮಶಾನ, ದೇವರ ಜಾಗ ಸಾಕ್ಷಿ ಆಗಬಹುದು. ಇಂಥದ್ದೇ ಕಾಗದ ಬೇಕು ಎಂದು ಹಟ ಹಿಡಿಯಬಾರದು ಅಂತಲೂ ಇದೆ. ನಮ್ಮ ಹಿರಿಯರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಅಪ್ಪಯ್ಯ ಹೋಗಿ ಆರು ವರ್ಷ ಆಯಿತು. ತಿರಸ್ಕಾರವಾದ ಅರ್ಜಿಗಳನ್ನು ಮತ್ತೆ ತೆರೆಯುವುದಾದರೆ, ದಯವಿಟ್ಟು ಮೊದಲು ಅಂಥ ಊರುಗಳಿಗೆ ಜನ ಕಳಿಸಿ, 80 ದಾಟಿದವರ ಮಾತು ಬರೆದುಕೊಳ್ಳಿ. ಉಳಿದ ಕೆಲಸ ಆಮೇಲೆ ಮಾಡಬಹುದು. ಇದು ಮಾತ್ರ ಕಾಯುವುದಿಲ್ಲ.

ಇಬ್ಬರಲ್ಲೂ ಸೇರಿ ಇನ್ನೊಂದು ಕೋರಿಕೆ. ಹೊಸದಾಗಿ ಕೆಲಸಕ್ಕೆ ಸೇರುವ ತಹಶೀಲ್ದಾರರಿಗೆ, ರೇಂಜರ್‌ಗಳಿಗೆ, ಸರ್ವೆಯವರಿಗೆ ತರಬೇತಿ ಕೊಡುತ್ತೀರಿ. ಅದರಲ್ಲಿ ಒಂದು ದಿನ ಬೇಡನ್-ಪೊವೆಲ್‌ರ ಬದುಕಿಗೆ ಕೊಡಿ. ಬೈಯಲು ಅಲ್ಲ. ಅವರ ಶ್ರದ್ಧೆ ತೋರಿಸಿ, ಅವರ ಮೂರು ಸಂಪುಟ ತೋರಿಸಿ. ಜೊತೆಗೆ 1871ರ ಮದ್ರಾಸಿನ ಉತ್ತರವನ್ನೂ, ಬ್ರಾಂಡಿಸ್ ಹೇಳಿದ್ದನ್ನೂ ಓದಿಸಿ. ಅದೇ ಕಾಡಿನ ಬಗ್ಗೆ ಆಗಲೇ ಮೂರು ಮಾತು ಇತ್ತು ಎಂದು ಅವರಿಗೆ ಗೊತ್ತಾಗಲಿ. ಆಮೇಲೆ ಅವರನ್ನು ಕುಮಟಾದ ಹತ್ತಿರ ಇರುವ ಹಳಕಾರಿಗೆ ಕರೆದುಕೊಂಡು ಹೋಗಿ. ಬ್ರಿಟಿಷರ ಕಾಲದಲ್ಲೇ ಗ್ರಾಮ ಅರಣ್ಯ ಎಂದು ಊರವರ ಕೈಗೆ ಬಂದ ಕಾಡು ಅಲ್ಲಿದೆ. ಸರ್ಕಾರ ವಾಪಸು ತೆಗೆದುಕೊಳ್ಳಲು ಹೊರಟಾಗ ಊರವರು ನ್ಯಾಯಾಲಯಕ್ಕೆ ಹೋಗಿ ಉಳಿಸಿಕೊಂಡರು. ಊರವರೇ ಕಾಯ್ದ ಕಾಡು ಹೇಗಿರುತ್ತದೆ ಎಂದು ಅವರು ಒಂದು ಸಲ ನೋಡಲಿ.

ನೀವೂ ಬನ್ನಿ. ಹಾಗೇ ಮುಂದೆ ಸಿದ್ದಾಪುರಕ್ಕೂ ಬಂದರೆ ನಮ್ಮ ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ. ಬೆಟ್ಟ ತೋರಿಸುತ್ತೇನೆ. ಅಪ್ಪಯ್ಯನ ಹೊನ್ನೆ ಮರಗಳಲ್ಲಿ ನಾಲ್ಕು ಉಳಿದಿವೆ.

ಇಂತಿ ನಿಮ್ಮ ವಿಶ್ವಾಸಿ,
ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ